ಔಷಧದ ಕೋಣೆಯ ಕ್ಯಾನು

ಎಂಜಿನ್ನಿಗೆ ಮೂವತ್ತೆಂಟು ಸಾವಿರ, ಅದೂ ಮುಂಬಯಿಯ ಗುಜರಿ ಬಜಾರಿನಲ್ಲಿ ಎರಡು ದಿನ ಚೌಕಾಸಿ ಮಾಡಿದ ಮೇಲೆ. ಅದನ್ನು ಕೂರಿಸಲು ತಂದ ಹಳೆಯ ಫಿಯಾಟ್ ಗಾಡಿಗೆ ಹದಿನಾಲ್ಕು. ಲಾರಿ ಬಾಡಿಗೆ, ಹಮಾಲಿ, ಕೊಲ್ಹಾಪುರದ ಲೇಥಿನ ಕೆಲಸ ಎಲ್ಲ ಸೇರಿ ಇನ್ನೊಂದು ಇಪ್ಪತ್ತು. ಸಿಂಗಾಪುರದಿಂದ ಯಾರದೋ ಕೈಯಲ್ಲಿ ತರಿಸಿದ ಸೀಲುಗಳಿಗೆ ಒಂಬತ್ತು ಸಾವಿರ. ಎರಡು ಕ್ಯಾನು ಮಿಥೆನಾಲ್‌ಗೆ ಒಂಬೈನೂರು ಚಿಲ್ಲರೆ. ಇಷ್ಟನ್ನೆಲ್ಲ ಕಾಯಬೇಕಾಗಿದ್ದ ಹಿತ್ತಾಳೆಯ ನೋಜಲ್‌ಗೆ ಮಾತ್ರ ಹನ್ನೆರಡು ರೂಪಾಯಿ. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ನೋಜಲ್ ಅದು. ಅಥಣಿಯ ಯಾವ ಕೃಷಿ ಅಂಗಡಿಯಲ್ಲಾದರೂ ಸಿಗುತ್ತಿತ್ತು.

ಹಣ ಹಾಕಿದವನು ಉಗಾರ ಬುದ್ರುಕದ ನೇಮಿನಾಥ. ಹೊಳೆದಂಡೆಯಲ್ಲಿ ಕಬ್ಬು, ಎತ್ತರದ ಹೊಲದಲ್ಲಿ ದ್ರಾಕ್ಷಿ, ಮನೆಯಲ್ಲಿ ಕೇಳುವವರಿಲ್ಲದ ಹಿರಿಮಗ. ಕೊಲ್ಹಾಪುರದ ಕಡೆ ವರ್ಷಕ್ಕೊಮ್ಮೆ ಗಾಡಿಗಳ ವೇಗದ ಸ್ಪರ್ಧೆ ನಡೆಯುತ್ತಿತ್ತು. ಎರಡು ವರ್ಷ ಹೋಗಿ ಸೋತು ಬಂದಿದ್ದ. ತೊಂಬತ್ತಮೂರರ ಸ್ಪರ್ಧೆಯಲ್ಲಿ ಗೆದ್ದೇ ತೀರಬೇಕೆಂದು ಈ ಜಪಾನಿನ ಎಂಜಿನ್ ತಂದ. ಅದನ್ನು ಪಳಗಿಸಲು ರಾಯಬಾಗದ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಮುರಗೆಪ್ಪನನ್ನು ಕರೆಸಿದ.

ಮುರಗೆಪ್ಪ ದಿನಾ ಬಿಚ್ಚುತ್ತಿದ್ದುದು ಟ್ರ್ಯಾಕ್ಟರ್ ಎಂಜಿನ್ನು. ಇದಕ್ಕೆ ಪಿಸ್ಟನ್ನೇ ಇರಲಿಲ್ಲ. ಒಳಗೆ ಉಬ್ಬಿದ ಬದಿಗಳ ತ್ರಿಕೋನದಂಥ ಎರಡು ರೋಟರುಗಳು ತಿರುಗುತ್ತಿದ್ದವು. ಒಂದೊಂದು ಮೂಲೆಗೂ ಬೆರಳಗಲದ ಉಕ್ಕಿನ ಪಟ್ಟಿ, ಅದೇ ಸೀಲು. ಹೊರಹೋಗುವ ಹೊಗೆಯ ಬಲದಿಂದ ತಿರುಗುವ ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತಿತ್ತು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಪೆಟ್ರೋಲ್ ಸಾವಕಾಶ ಉರಿಯದೆ ಒಮ್ಮೆಲೇ ಸಿಡಿಯುತ್ತದೆ. ಹಾಗಾದಾಗ ಸಾದಾ ಪಿಸ್ಟನ್ ಎಂಜಿನ್ನು ಟಕಟಕ ಸದ್ದು ಮಾಡಿ, ಮಾಲೀಕನಿಗೆ ಬುದ್ಧಿ ಬರುವ ತನಕ ತಡೆದುಕೊಳ್ಳುತ್ತದೆ. ಇದು ತಡೆದುಕೊಳ್ಳುವ ಜಾತಿಯಲ್ಲ. ಒಂದೇ ಏಟಿಗೆ ಸೀಲು ಮುರಿದು, ಒಳಗಿನ ಗೋಡೆಯನ್ನು ಗೀರಿ, ಎಂಜಿನ್ ಗುಜರಿಗೆ ಹೋಗುತ್ತದೆ.

ಅದಕ್ಕೆ ಉಪಾಯ ಅರ್ಧ ಮಿಥೆನಾಲ್, ಅರ್ಧ ಬ್ಯಾಟರಿಗೆ ಹಾಕುವ ಶುದ್ಧ ನೀರು. ಟರ್ಬೊದ ಒತ್ತಡ ಏರಿದ ಕೂಡಲೇ ಒಂದು ಸಣ್ಣ ಪಂಪು ಶುರುವಾಗಿ ಈ ಮಿಶ್ರಣವನ್ನು ಇಬ್ಬನಿಯ ಹಾಗೆ ಗಾಳಿಯೊಳಗೆ ಚಿಮ್ಮಬೇಕು. ಗಾಳಿ ತಣ್ಣಗಾಗುತ್ತದೆ, ಎಂಜಿನ್ ಬದುಕುತ್ತದೆ. ಎಷ್ಟು ಚಿಮ್ಮಬೇಕೆಂಬುದೇ ಕೆಲಸ. ಹೆಚ್ಚಾದರೆ ಎಂಜಿನ್ ಕೆಮ್ಮುತ್ತದೆ, ಕಡಿಮೆಯಾದರೆ ಸಾಯುತ್ತದೆ. ಮುರಗೆಪ್ಪ ದೊಡ್ಡ ತೂತಿನ ನೋಜಲ್‌ನಿಂದ ಶುರು ಮಾಡಿ ಒಂದೊಂದೇ ಸಣ್ಣದು ಹಾಕುತ್ತ ಬಂದ. ಬೆಳಗಿನ ಖಾಲಿ ರಸ್ತೆಯಲ್ಲಿ ಕಾಗವಾಡದ ಕಡೆಗೆ ಒಂದು ಓಟ. ನಿಲ್ಲಿಸಿ ಪ್ಲಗ್ಗು ಬಿಚ್ಚಿ ಬಣ್ಣ ನೋಡುವುದು. ಎರಕದ ಕಾರ್ಖಾನೆಯೊಂದರಿಂದ ತಂದು ಹೊಗೆಕೊಳವೆಗೆ ಕೂರಿಸಿದ್ದ ಬಿಸಿಯ ಮೀಟರಿನಲ್ಲಿ ಮುಳ್ಳು ಎಲ್ಲಿಯ ತನಕ ಏರಿತೆಂದು ನೇಮಿನಾಥನನ್ನು ಕೇಳುವುದು. ಮುಳ್ಳು ಕೆಂಪು ಗೀಟಿನ ಒಳಗೇ ನಿಂತರೆ ಟರ್ಬೊದ ಒತ್ತಡ ಇನ್ನೊಂದಿಷ್ಟು ಏರಿಸುವುದು.

ಗಾಡಿ ನಿಲ್ಲುತ್ತಿದ್ದುದು ದ್ರಾಕ್ಷಿತೋಟದ ಶೆಡ್ಡಿನಲ್ಲಿ. ಪಕ್ಕದಲ್ಲೇ ಔಷಧದ ಕೋಣೆ, ಅದರ ಪಕ್ಕ ಕಾವಲುಗಾರ ಹಾಲಸಿದ್ದನ ಕೋಣೆ. ಹಾಲಸಿದ್ದ ಹಿಂದೆ ಕುಡಿಯುತ್ತಿದ್ದ. ಸಂಜೆಗಷ್ಟೇ ಅಲ್ಲ, ಸಿಕ್ಕಾಗೆಲ್ಲ, ಸಿಕ್ಕಿದ್ದನ್ನೆಲ್ಲ. ಒಮ್ಮೆ ಎರಡು ದಿನ ಎಚ್ಚರವಿಲ್ಲದೆ ಬಿದ್ದು ಎದ್ದ ಮೇಲೆ ತನ್ನ ದೇವರ ಭಂಡಾರ, ಅಂದರೆ ಅರಿಶಿನಪುಡಿ, ಹಣೆಗೆ ಹಚ್ಚಿಕೊಂಡು ಆಣೆ ಮಾಡಿ ಬಿಟ್ಟಿದ್ದ. ಆ ಆಣೆಯ ಮೇಲೆಯೇ ನೇಮಿನಾಥ ಅವನಿಗೆ ಕೆಲಸವನ್ನೂ ಕೋಣೆಯನ್ನೂ ಕೊಟ್ಟದ್ದು. ನೇಮಿನಾಥನದು ಬಸದಿಗೆ ನಡೆದುಕೊಳ್ಳುವ ಜೈನ ಮನೆತನ. ತಮ್ಮ ಹೊಲದಲ್ಲಿ ಹೆಂಡದ ಹನಿ ಬಿದ್ದರೂ ಅಂದೇ ಗಂಟುಮೂಟೆ ಕಟ್ಟಬೇಕೆಂದು ಮೊದಲ ದಿನವೇ ಹೇಳಿದ್ದ. ಹಾಲಸಿದ್ದನಿಗೆ ಸ್ವಂತದ ಮನೆಯೂ ಇರಲಿಲ್ಲ, ತುಂಡು ಭೂಮಿಯೂ ಇರಲಿಲ್ಲ.

ಮಿಥೆನಾಲ್ ಕ್ಯಾನುಗಳು ಔಷಧದ ಕೋಣೆಗೆ ಬಂದ ದಿನ ಮುರಗೆಪ್ಪ ಹಾಲಸಿದ್ದನನ್ನೂ ಅವನ ಹೆಂಡತಿಯನ್ನೂ ಕರೆದು ತೋರಿಸಿದ. ಇದು ಕಾರ್ಖಾನೆಯ ಸ್ಪಿರಿಟ್ ಅಲ್ಲ, ವಾಸನೆ ಹಾಗೇ ಬಂದರೂ ಬೇರೆ ಮಾಲು, ಬೆರಳು ಅದ್ದಿ ನಾಲಗೆಗೆ ಇಟ್ಟುಕೊಳ್ಳುವುದೂ ಬೇಡ ಎಂದ. ಹಾಲಸಿದ್ದನ ಹೆಂಡತಿ ಕೆಂಚವ್ವ, ಕುಡಿದರೆ ಏನಾಗುತ್ತದೆಂದು ಕೇಳಿದಳು.

“ಮದಲ ಕಣ್ಣ ಹೋಗ್ತಾವ. ಆಮ್ಯಾಲ ಜೀವ.”

ಹಾಲಸಿದ್ದ ನಕ್ಕ. “ಕಾರ್ಖಾನಿ ಡ್ರಮ್ಮಿನ ಮ್ಯಾಲೂ ಬುರುಡಿ ಚಿತ್ರ ಬರೀತಿದ್ರರಿ, ಮಿಸ್ತ್ರಿ. ಅದನ್ನ ಕುಡದ ಮಂದಿ ಇನ್ನೂ ಸಂತಿಗೆ ಬರತಾರ.”

ಅದು ಚೇಷ್ಟೆಯ ಮಾತು. ಆದರೆ ಈ ಸೀಮೆಯಲ್ಲಿ ಅದನ್ನು ಚೇಷ್ಟೆಯೆಂದು ತಳ್ಳಿಹಾಕುವ ಹಾಗಿರಲಿಲ್ಲ. ಸಕ್ಕರೆ ಕಾರ್ಖಾನೆಗಳ ಸುತ್ತ ಹುಟ್ಟಿ ಬೆಳೆದವರಿಗೆ ಸ್ಪಿರಿಟ್ಟಿನ ವಾಸನೆ ಹೊಸದಲ್ಲ. ಕದಿಯಬಾರದೆಂದೇ ಬುರುಡೆ ಬರೆಯುತ್ತಾರೆ, ಒಳಗಿರುವುದು ಒಳ್ಳೆಯ ಮಾಲೇ ಎಂದು ಎಲ್ಲರೂ ನಂಬಿದ್ದರು. ವಿಷ ಎಂದು ಹೇಳಿದಷ್ಟೂ ಆಸೆ ಹೆಚ್ಚು. ಅಲ್ಲೇ ನಿಂತಿದ್ದ ನೇಮಿನಾಥನ ಮುಖ ಗಂಟಿಕ್ಕಿತು. ಕೆಂಚವ್ವ ಕ್ಯಾನನ್ನು ನೋಡದೆ ಗಂಡನನ್ನೇ ನೋಡಿದಳು. ಕೋಣೆಯ ಬೀಗದ ಕೈ ಮೊದಲಿನಂತೆ ಹಾಲಸಿದ್ದನ ಹತ್ತಿರವೇ ಉಳಿಯಿತು, ಯಾಕೆಂದರೆ ದ್ರಾಕ್ಷಿಯ ಕೊಂಬೆ ಸವರುವ ಚಾಟ್ನಿ ಮುಗಿದು, ಹೊಸ ಚಿಗುರಿಗೆ ದಿನಾ ಔಷಧ ಹೊಡೆಯುವ ಹೊತ್ತು ಅದು.

ಮುರಗೆಪ್ಪ ಒಂದು ಕ್ಯಾನಿನಲ್ಲಿ ಮಿಶ್ರಣ ಕಲಸಿಟ್ಟ, ಅಸಲು ಮಾಲಿದ್ದ ಇನ್ನೊಂದನ್ನು ಹಾಗೇ ನೇಮಿನಾಥನ ಮನೆಯಲ್ಲಿ ಇಡಿಸಿದ. ಮೊದಲ ವಾರ ಎಲ್ಲ ಸರಿಯಾಗಿತ್ತು. ನೋಜಲ್ ಕೂತಿತು, ಪ್ಲಗ್ಗುಗಳು ತಿಳಿಗಂದು ಬಣ್ಣಕ್ಕೆ ಬಂದವು, ಒತ್ತಡ ಏರಿಸಿದರೂ ಮುಳ್ಳು ಗೀಟಿನ ಒಳಗೇ ನಿಂತಿತು. ನೇಮಿನಾಥ ಗಾಡಿಯಿಂದ ಇಳಿಯುವಾಗ ಹಾಡು ಗುನುಗುತ್ತಿದ್ದ.

ಆಮೇಲೊಂದು ಬೆಳಿಗ್ಗೆ, ಏನೂ ಬದಲಿಸದೆ ಇದ್ದರೂ, ಮುಳ್ಳು ಗೀಟು ಮುಟ್ಟಿತು. ನೇಮಿನಾಥ ಕಾಲು ಎತ್ತಿದ್ದರಿಂದ ಎಂಜಿನ್ ಉಳಿಯಿತು. ಮುರಗೆಪ್ಪ ನೋಜಲ್ ಬಿಚ್ಚಿದ. ತೂತಿನಲ್ಲಿ ಕಂದು ಅಂಟು. ಊದಿ ಒರೆಸಿದ. ಕ್ಯಾನಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದ. ನೀರಿನಂತೆ ತಿಳಿಯಾಗಿರಬೇಕಾದ ಮಿಶ್ರಣ ಮಾಸಲಾಗಿತ್ತು. ತಗಡಿನ ಮೇಲೆ ಒಂದಿಷ್ಟು ಹಾಕಿ, ಶೆಡ್ಡಿನ ನೆರಳಿನಲ್ಲಿ ಕಡ್ಡಿ ಗೀರಿದ. ಅರ್ಧಕ್ಕರ್ಧ ಇದ್ದರೆ ಆ ಉರಿ ಸದ್ದಿಲ್ಲದೆ ನೀಲಿಯಾಗಿ ಹಬ್ಬುತ್ತದೆ. ಇದು ಕಡ್ಡಿಯ ತುದಿಯಲ್ಲಿ ಚೂರು ನೆಕ್ಕಿ ಆರಿಹೋಯಿತು.

ಯಾರೋ ಮಾಲು ತೆಗೆದು ನೀರು ಹಾಕಿದ್ದರು. ಬಣ್ಣ ನೋಡಿದರೆ ಹೊಳೆಯ ರಾಡಿ ನೀರು.

ಅವತ್ತಿನಿಂದ ಆ ಶೆಡ್ಡಿನಲ್ಲಿ ಯಾರ ಮುಖವೂ ಸರಿಯಿರಲಿಲ್ಲ. ಮುರಗೆಪ್ಪನಿಗೆ ಮೊದಲು ಮಾಲು ಕೊಟ್ಟ ಕೊಲ್ಹಾಪುರದ ವ್ಯಾಪಾರಿಯ ಮೇಲೆ ಅನುಮಾನ ಬಂತು; ಆದರೆ ಮೊದಲ ವಾರ ಇದೇ ಕ್ಯಾನು ಚೆನ್ನಾಗಿ ಉರಿದಿತ್ತು. ನೇಮಿನಾಥನಿಗೆ ಮುರಗೆಪ್ಪನ ಮೇಲೆಯೇ ಬಂತು. ಮಿಸ್ತ್ರಿಗಳು ಥಿನ್ನರ್ ಬದಲು ಇದನ್ನೇ ಬಣ್ಣದವರಿಗೆ ಮಾರುತ್ತಾರೆಂದು ಯಾರೋ ಅವನ ಕಿವಿ ಕಚ್ಚಿದ್ದರು. ರಾಯಬಾಗಕ್ಕೆ ಹೊರಟ ಮುರಗೆಪ್ಪನ ಸಾಮಾನಿನ ಪೆಟ್ಟಿಗೆಯನ್ನು, ತೂಕ ಎಷ್ಟಿದೆ ನೋಡೋಣ ಎಂಬಂತೆ ಎತ್ತಿ ಇಳಿಸಿದ. ಮುರಗೆಪ್ಪ ಅದನ್ನು ಗಮನಿಸಿದ. ಪೆಟ್ಟಿಗೆಯ ಮುಚ್ಚಳ ತೆರೆದು, ಪಾನಾಗಳನ್ನು ಒಂದೊಂದಾಗಿ ಒರೆಸಿ, ತಳ ಕಾಣುವ ಹಾಗೆ ಹೊರಗಿಟ್ಟು, ಮತ್ತೆ ತುಂಬಿಕೊಂಡ.

ಇಬ್ಬರ ಅನುಮಾನವೂ ಕಡೆಗೆ ಹಾಲಸಿದ್ದನ ಮೇಲೆ ಹೋಗಿ ನಿಂತಿತು. ಅದು ಎಲ್ಲಕ್ಕಿಂತ ಸುಲಭದ ಜಾಗ. ಬೀಗದ ಕೈ ಅವನದು, ಹಳೆಯ ಚಟ ಅವನದು, ಬುರುಡೆಯ ಮಾತೂ ಅವನದೇ. ಮುರಗೆಪ್ಪನಿಗೆ ಒಂದೇ ಸಂದೇಹ. ಇದನ್ನು ಕುಡಿದವನು ಇಷ್ಟು ಹೊತ್ತಿಗೆ ಗೋಡೆ ತಡಕುತ್ತ ನಡೆಯಬೇಕಿತ್ತು. ಹಾಲಸಿದ್ದ ನೋಡಿದರೆ ಚಿಗುರಿನ ಮೇಲಿನ ಸಣ್ಣ ಹುಳವನ್ನು ದೂರದಿಂದಲೇ ಹುಡುಕುತ್ತಿದ್ದ. ಹಾಗಿದ್ದರೆ ಮಾರುತ್ತಿರಬೇಕು, ಎಂದ ನೇಮಿನಾಥ. ಅದು ಇನ್ನೂ ಕೆಟ್ಟದ್ದು. ಅವನು ಮಾರಿದ್ದನ್ನು ಎಲ್ಲೋ ಯಾರೋ ಕುಡಿಯುತ್ತಿದ್ದರೆ ನಾಳೆ ಹೆಣ ಬೀಳುತ್ತವೆ, ಪೊಲೀಸರು ನೇರ ಈ ಶೆಡ್ಡಿಗೆ ಬರುತ್ತಾರೆ.

ಹಾಗಂತ ಬೀಗದ ಕೈ ಕಸಿದುಕೊಂಡರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ. ಮುರಗೆಪ್ಪ ಇನ್ನೊಂದು ಕ್ಯಾನಿನ ಅಸಲು ಮಾಲನ್ನು ಕೂಡಿಸಿ ಮಿಶ್ರಣವನ್ನು ಮತ್ತೆ ಹದಕ್ಕೆ ತಂದ, ಕಡ್ಡಿ ಗೀರಿ ಉರಿ ನೋಡಿಕೊಂಡ, ಮಟ್ಟ ಎಲ್ಲಿದೆಯೆಂದು ಕ್ಯಾನಿಗೆ ಮೊಳೆಯಿಂದ ಸಣ್ಣ ಗೀರು ಹಾಕಿದ. ಅವನ ಗಮನವೆಲ್ಲ ಕಳ್ಳನ ಮೇಲೆಯೇ ಹೋಯಿತು. ಹಾಲಸಿದ್ದ ಎಷ್ಟು ಹೊತ್ತಿಗೆ ಕೋಣೆ ತೆರೆದ, ಒಳಗೆ ಎಷ್ಟು ಹೊತ್ತು ಇದ್ದ, ಹೊರಗೆ ಬಂದಾಗ ಕೈಯಲ್ಲಿ ಏನಿತ್ತು ಎಂದು ಗಾಡಿಯ ಕೆಳಗೆ ಮಲಗಿಕೊಂಡೇ ನೋಡುತ್ತಿದ್ದ. ಹಾಲಸಿದ್ದನಿಗೂ ಅದು ತಿಳಿಯಿತು. ಅವನು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಕೆಲಸ ಮಾಡತೊಡಗಿದ. ಅದನ್ನೂ ಇವರು ನಾಟಕವೆಂದುಕೊಂಡರು.

ಮಾರನೆಯ ಸಂಜೆ ಗೀರು ನೋಡಿದರೆ ಮಟ್ಟ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮುರಗೆಪ್ಪ ಸಮಾಧಾನಪಟ್ಟ. ಮತ್ತೆ ಉರಿ ನೋಡಬೇಕೆಂದು ತೋಚಲಿಲ್ಲ. ಪಂಪಿನ ಮುಂದೆ ಕಸ ತಡೆಯುವ ಜಾಳಿಗೆಯನ್ನಂತೂ ಅವನು ಮೊದಲ ದಿನದಿಂದ ಬಿಚ್ಚಿಯೇ ಇರಲಿಲ್ಲ.

ಸ್ಪರ್ಧೆಯ ಹಿಂದಿನ ಶುಕ್ರವಾರ ಬೆಳಿಗ್ಗೆ ಕೊನೆಯ ಓಟ. ರಸ್ತೆಯ ಎರಡೂ ಬದಿ ಎದೆಮಟ್ಟ ಕಬ್ಬು, ಎದುರಿಗೆ ಒಂದೇ ಒಂದು ಹಾಲಿನ ಸೈಕಲ್ಲು, ಅದೂ ಬದಿಗೆ ಸರಿಯಿತು. ನೇಮಿನಾಥ ಪೂರ್ತಿ ಒತ್ತಿದ. ಪಂಪು ಶುರುವಾದ ಸದ್ದು ಪಕ್ಕದಲ್ಲಿ ಕೂತಿದ್ದ ಮುರಗೆಪ್ಪನಿಗೆ ಕೇಳಿಸಿತು. ಮುಳ್ಳು ಗೀಟಿನತ್ತ ಹೋಗಿ, ದಾಟಿ, ನಿಲ್ಲದೆ ಹೋಯಿತು. “ಬಿಡ್ರಿ” ಎನ್ನುವಷ್ಟರಲ್ಲಿ ಒದ್ದೆ ಡೊಳ್ಳಿಗೆ ಹೊಡೆದಂಥ ಒಂದು ಸದ್ದು. ಗಾಡಿ ತಾನಾಗಿ ನಿಧಾನವಾಯಿತು, ಹಿಂದೆ ಬಿಳಿ ಹೊಗೆ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮುರಗೆಪ್ಪ ಪ್ಲಗ್ಗು ಬಿಚ್ಚಿ, ಸ್ಟಾರ್ಟರ್ ತಿರುಗಿಸಲು ಹೇಳಿ, ತೂತಿನ ಮುಂದೆ ಅಂಗೈ ಹಿಡಿದ. ಮುಂದಿನ ರೋಟರು ಫುಸ್, ಫುಸ್, ಫುಸ್ ಎಂದು ಒಂದೇ ಸಮ ಊದಿತು. ಹಿಂದಿನದು ಒಮ್ಮೆ ಊದಿ ಎರಡು ಸಲ ಸುಮ್ಮನಾಗುತ್ತಿತ್ತು. ಸೀಲು ಮುರಿದಿದೆಯೆಂದು ನೇಮಿನಾಥನಿಗೂ ಅರ್ಥವಾಯಿತು. ಅವನು ಕೂಗಾಡಲಿಲ್ಲ. ಕೈ ಒರೆಸಿಕೊಂಡು ಸೀದಾ ಹಾಲಸಿದ್ದನ ಕೋಣೆಯ ಮುಂದೆ ಹೋಗಿ ನಿಂತ. ಮುರಗೆಪ್ಪ ಹಿಂದೆಯೇ ಹೋದ.

ಹಾಲಸಿದ್ದ ಬಾಗಿಲಲ್ಲಿ ಕೂತು ಔಷಧದ ಪಂಪಿನ ಬೆಲ್ಟು ಹೊಲಿಯುತ್ತಿದ್ದ. ಎದ್ದು ನಿಂತ.

“ಹಾಲಸಿದ್ದ, ಕ್ಯಾನಿನ್ಯಾಂದ ಯಾರಿಗೆ ಮಾರಿದಿ?”

“ನಾ ಯಾರಿಗೂ ಮಾರಿಲ್ಲರಿ ಅಣ್ಣಾರ.”

“ಹಂಗಾರ ಕುಡದಿ.”

“ಕುಡದಿದ್ರ ನಿಮ್ಮ ಮಕಾ ಕಾಣತಿರಲಿಲ್ಲಂತ ಮಿಸ್ತ್ರಿನ ಹೇಳ್ಯಾನಲ್ರಿ. ನಿಮ್ಮ ಮಕಾ ಕಾಣಾಕತ್ತೈತಿ. ಸಿಟ್ಟಿನ್ಯಾಗ ಅದೀರಿ, ಅದೂ ಕಾಣಾಕತ್ತೈತಿ.”

ಮುರಗೆಪ್ಪನಿಗೆ ಒಳಗೊಳಗೆ ನಗು ಬಂತು, ತಡೆದುಕೊಂಡ. ನೇಮಿನಾಥ ಹೊರಗೆ ಕಾಣಿಸುವುದಕ್ಕಿಂತ ಬುದ್ಧಿವಂತ. ಪೊಲೀಸರನ್ನು ಕರೆದರೆ ಮಿಥೆನಾಲ್ ಯಾಕೆ ತಂದೆ ಎಂದು ಮೊದಲು ತನ್ನನ್ನೇ ಕೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಹೊಡೆದರೆ ಸುಳ್ಳು ಹೊರಬರುತ್ತದೆ, ಖರೆ ಬರುವುದಿಲ್ಲ. ಈ ಸೀಮೆಯಲ್ಲಿ ಹಾಲಸಿದ್ದನಂಥವನಿಂದ ಖರೆ ಹೊರಡಿಸಲು ಒಂದೇ ದಾರಿ ಇತ್ತು. ಗೂಡಿನಲ್ಲಿರುವ ಭಂಡಾರದ ಚೀಲ ತರಿಸು ಎಂದ. ತಾನಾಗಲಿ ತನ್ನ ಮನೆಯವರಾಗಲಿ ಆ ಕ್ಯಾನು ಮುಟ್ಟಿಲ್ಲವೆಂದು ಹಣೆಗೆ ಹಚ್ಚಿಕೊಂಡು ಹೇಳಿದರೆ ಈ ಮಾತು ಇಲ್ಲಿಗೇ ಬಿಟ್ಟೆ. ಹೇಳದಿದ್ದರೆ ಇವತ್ತೇ ಕೋಣೆ ಖಾಲಿ ಮಾಡಬೇಕು.

ಹಾಲಸಿದ್ದನಿಗೆ ಹೊರೆ ಇಳಿದಂತಾಯಿತು. ಅದು ಅವನ ಮುಖದಲ್ಲಿ ಎದ್ದು ಕಂಡಿತು, ಮುರಗೆಪ್ಪನ ಅನುಮಾನ ಅಲ್ಲಿಗೇ ಅರ್ಧ ಇಳಿಯಿತು. ಹಾಲಸಿದ್ದ ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡ, ತಲೆಯ ರುಮಾಲು ಸರಿಮಾಡಿಕೊಂಡ, ಹೆಂಡತಿಗೆ ಚೀಲ ತರಲು ಹೇಳಿದ. ಕೆಂಚವ್ವ ತಂದಳು. ಅವನು ಚೀಲದೊಳಗೆ ಕೈ ಹಾಕಲು ಹೋದಾಗ ಅವಳು ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

“ಮುಟ್ಟಬ್ಯಾಡ್ರಿ.”

“ಯಾಕ? ಕೊಡ ಇತ್ತ.”

“ಸುಳ್ಳ ಆಣಿ ಆಕ್ಕೈತಿ. ನಿಮ್ಮ ತಲಿ ಮ್ಯಾಲ ಬರತೈತಿ.” ಆಮೇಲೆ ನೇಮಿನಾಥನ ಕಡೆ ತಿರುಗಿದಳು. “ಕ್ಯಾನ ನಾ ಮುಟ್ಟೀನ್ರಿ ಅಣ್ಣಾರ. ಇವರಿಗೆ ಗೊತ್ತಿಲ್ಲ.”

ಕೇಳಿ ಕೇಳಿ ಒಂದೊಂದಾಗಿ ಹೊರಬಂತು. ಕೆಂಚವ್ವ ಮದುವೆಗೆ ಮೊದಲು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡಿದವಳು. ತಂಬಾಕಿನ ಪುಡಿ ಕುದಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳಲು ಎಂಥ ಕುಡುಕನಿಂದಲೂ ಆಗದು, ಗುಟುಕು ಒಳಗೆ ಹೋದರೂ ಕರುಳು ಕಿತ್ತುಬರುವಂತೆ ಕಾರುತ್ತಾನೆ ಎಂದು ಅಲ್ಲಿ ಕಂಡಿದ್ದಳು. ಬೆಳೆಯ ಹುಳಕ್ಕೆ ಹೊಡೆಯಲೆಂದು ಮನೆಯಲ್ಲಿ ಆ ಪುಡಿ ಇದ್ದೇ ಇತ್ತು. ಕ್ಯಾನು ಬಂದ ದಿನ ಗಂಡ ನಕ್ಕದ್ದು ಅವಳ ಎದೆಗೆ ನಾಟಿತ್ತು. ಅವನು ಬೀಗದ ಕೈ ಮನೆಯಲ್ಲೇ ಬಿಟ್ಟು ತೋಟದಲ್ಲಿದ್ದ ಒಂದು ಸಂಜೆ ಪುಡಿ ಕುದಿಸಿ, ಸೆರಗಿನಲ್ಲಿ ಸೋಸಿ, ಕ್ಯಾನಿನಿಂದ ಒಂದು ಕೊಡ ತೆಗೆದು ಬದುವಿಗೆ ಚೆಲ್ಲಿ, ಅಷ್ಟೇ ಕಷಾಯ ಹಾಕಿದ್ದಳು. ಮಿಸ್ತ್ರಿ ಹೊಸ ಮಾಲು ಕೂಡಿಸಿದ್ದನ್ನು ಕಂಡು, ಕಹಿ ಕಡಿಮೆಯಾಯಿತೆಂದು ಮರುದಿನ, ಮಿಸ್ತ್ರಿಯ ಕಣ್ಣು ಗಂಡನ ಹಿಂದೆ ಇದ್ದಾಗ, ತೆರೆದ ಬಾಗಿಲಿನಿಂದ ಹೋಗಿ ಮತ್ತೊಂದು ಕೊಡ ಹಾಕಿದಳು. ತೆಗೆದಷ್ಟೇ ಹಾಕಿದ್ದರಿಂದ ಮಟ್ಟ ಹಾಗೇ ಉಳಿದಿತ್ತು.

ಮುರಗೆಪ್ಪ ಶೆಡ್ಡಿಗೆ ಹೋಗಿ ಪಂಪಿನ ಜಾಳಿಗೆ ಬಿಚ್ಚಿದ. ಸೆರಗಿನಿಂದ ತಪ್ಪಿಸಿಕೊಂಡ ನುಣ್ಣನೆಯ ಪುಡಿ ಸೆಗಣಿ ಸಾರಿಸಿದಂತೆ ಮೆತ್ತಿಕೊಂಡಿತ್ತು. ಮೂಗಿಗೆ ಹಿಡಿದ, ನಿಪ್ಪಾಣಿಯ ಪೇಟೆಯ ವಾಸನೆ. ಬಿಚ್ಚಿ ತೊಳೆಯಲು ಐದು ನಿಮಿಷ ಸಾಕಾಗಿತ್ತು. ಆ ಐದು ನಿಮಿಷವನ್ನು ಅವನು ಹಾಲಸಿದ್ದನ ಕೈ ನೋಡುವುದರಲ್ಲಿ ಕಳೆದಿದ್ದ. ಜಾಳಿಗೆಯನ್ನು ತಂದು ನೇಮಿನಾಥನ ಕೈಗಿಟ್ಟು, ತಾನು ಇದನ್ನು ನೋಡಬೇಕಿತ್ತು, ನೋಡಲಿಲ್ಲ ಎಂದ.

ಹಾಲಸಿದ್ದ ಹೆಂಡತಿಯ ಕಡೆ ತಿರುಗಿದ.

“ನಾ ಭಂಡಾರ ಹಚ್ಚಕೊಂಡ ಬಿಟ್ಟೀನಿ, ಕೆಂಚಿ. ನೀನೂ ಅಲ್ಲೇ ಇದ್ದಿ.”

“ಇದ್ದೆ.”

“ಇಷ್ಟ ದಿನದಾಗ ಒಮ್ಮೆರ ವಾಸನಿ ಬಂದಿತ್ತೇನ?”

“ಇಲ್ಲ.”

“ಮತ್ತ?”

“ಕುಡ್ಯಾಂವ ಬಿಟ್ಟೀನಿ ಅಂದ್ರ ಹ್ಯಾಂಗ ನಂಬಲಿ? ದಿನಾ ಬಾಯಿ ಮೂಸಿ ನೋಡಿ ಮಲಗೀನಿ. ನಿಮಗ ತಿಳೀಲಿಲ್ಲ ಅಷ್ಟ.”

“ನನ್ನ ಆಣಿ ನಂಬಲಿಲ್ಲ. ಈಗ ಆಣಿ ಮುಟ್ಟಬ್ಯಾಡ ಅಂತಿ.”

“ದೇವರನ್ನ ನಂಬತೇನಿ,” ಎಂದಳು ಕೆಂಚವ್ವ. ಚೀಲ ಇನ್ನೂ ಅವಳ ಎದೆಯ ಮೇಲೇ ಇತ್ತು.

ಕೆಂಚವ್ವನ ಮೇಲೆ ನೇಮಿನಾಥ ಸಿಟ್ಟು ಮಾಡಲಾರದಾದ. ಅವಳು ಮಾಡಿದ ಅನುಮಾನವನ್ನೇ ಅವನೂ ಮಾಡಿದ್ದ, ಅವಳು ಕನಿಷ್ಠ ಒಂದು ಜೀವ ಉಳಿಸಲು ಮಾಡಿದ್ದಳು. ಕೋಣೆ ಖಾಲಿ ಮಾಡುವ ಮಾತನ್ನು ಮತ್ತೆ ಎತ್ತಲಿಲ್ಲ. ಹೊಸ ಬೀಗ ತರಿಸಿ ಅದರ ಕೈಯನ್ನೂ ಹಾಲಸಿದ್ದನಿಗೇ ಕೊಟ್ಟ. ಕ್ಯಾನಿನಲ್ಲಿ ಉಳಿದದ್ದನ್ನು ಬಾವಿಯಿಂದ ದೂರ, ಬಂಡೆಗಲ್ಲಿನ ಮೇಲೆ ಮುರಗೆಪ್ಪ ತಾನೇ ನಿಂತು ಚೆಲ್ಲಿಸಿದ.

ಎಂಜಿನ್ನನ್ನು ರಾಯಬಾಗದಲ್ಲಿ ಬಿಚ್ಚಿದಾಗ ಹಿಂದಿನ ರೋಟರಿನ ಒಂದು ಸೀಲು ಮೂರು ತುಂಡಾಗಿತ್ತು, ಒಳಗೋಡೆಯಲ್ಲಿ ಉಗುರು ಇಳಿಯುವಷ್ಟು ಆಳದ ಗೀರು ಬಿದ್ದಿತ್ತು. ಅಂಥ ಗೋಡೆ ಈ ಕಡೆ ಎಲ್ಲೂ ಸಿಗುವುದಿಲ್ಲ. ಮುರಗೆಪ್ಪ ಕೂಲಿ ತೆಗೆದುಕೊಳ್ಳಲಿಲ್ಲ. ನೇಮಿನಾಥ ಟರ್ಬೊ ಮಾತ್ರ ಮಾರಿ, ಉಳಿದದ್ದನ್ನು ತೂಕಕ್ಕೆ ಹಾಕಿದ. ಆ ವರ್ಷದ ಸ್ಪರ್ಧೆಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಹಾಲಸಿದ್ದ ಹೆಂಡತಿಯೊಡನೆ ಜಗಳ ತೆಗೆಯಲಿಲ್ಲ. ದ್ರಾಕ್ಷಿ ಕಟಾವು ಮುಗಿಯುವ ತನಕ ತೋಟದ ಕಾವಲು ಮಂಚಿಕೆಯ ಮೇಲೆ ಮಲಗಿದ. ಊಟಕ್ಕೆ ಬರುತ್ತಿದ್ದ, ಕೆಲಸದ ಮಾತು ಆಡುತ್ತಿದ್ದ, ಹೋಗುತ್ತಿದ್ದ. ಕಟಾವು ಮುಗಿದ ಮೇಲೆ ಹಾಸಿಗೆ ಕೋಣೆಗೆ ಬಂತು. ಕೆಂಚವ್ವ ಬಾಯಿ ಮೂಸುವುದನ್ನು ಬಿಟ್ಟಿದ್ದಳು.

ನೇಮಿನಾಥನಿಗೆ ಎಂಜಿನ್ ಹೋಯಿತು. ಹಾಲಸಿದ್ದನಿಗೆ ಕೆಲಸ ಉಳಿಯಿತು, ಕೋಣೆ ಉಳಿಯಿತು, ಹೆಸರೂ ಉಳಿಯಿತು. ಹೆಂಡತಿ ತನ್ನನ್ನು ನಂಬಿದ್ದಾಳೆಂದು ಅವನು ಅಷ್ಟು ದಿನ ತಿಳಿದುಕೊಂಡಿದ್ದು ಮಾತ್ರ ಹೋಯಿತು. ಅವಳು ನಿಜವಾಗಿ ನಂಬತೊಡಗಿದ್ದು ಅದರ ನಂತರವೇ.